ಕಿಟಕಿ ಪಕ್ಕದ ತೂಕ

ಮನೆ, ಅಂಗಡಿ ಕೋಣೆ
ತಾರೀಕು ೧೪, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ ಇಲ್ಲವೋ? ಮೊನ್ನೆ ಟಿವಿಯಲ್ಲಿ ನಿನ್ನನ್ನು ಅರೆನಿಮಿಷ ತೋರಿಸಿದರು. ಆರೋಗ್ಯ ಮಂತ್ರಿಗಳ ಹಿಂದೆ ಫೈಲು ಅವುಚಿಕೊಂಡು ನಿಂತಿದ್ದೆ. ಕೆನ್ನೆ ಇಳಿದುಹೋಗಿದೆ, ಕಣ್ಣಿನ ಕೆಳಗೆ ಕಪ್ಪಾಗಿದೆ. "ಇವಳಿಗೆ ದೇಶದವರ ಆರೋಗ್ಯವೆಲ್ಲ ಬೇಕು, ತನ್ನದು ಮಾತ್ರ ಬೇಡ" ಎಂದು ನಿನ್ನಮ್ಮ ಟಿವಿಗೇ ಬೈದಳು. ಬೆನ್ನುನೋವಿಗೆ ಹೇಳಿಕೊಟ್ಟಿದ್ದ ವ್ಯಾಯಾಮ ಮಾಡುತ್ತಿದ್ದೀಯಾ? ಮಾಡುತ್ತಿಲ್ಲ ಎಂದು ನನಗೆ ಗೊತ್ತು, ಆದರೂ ಕೇಳುವುದು ನನ್ನ ಧರ್ಮ. ನಾನು ಗಟ್ಟಿಮುಟ್ಟಾಗಿದ್ದೇನೆ. ಮಂಡಿ ಆಗಾಗ ಕಟಕಟ ಅನ್ನುತ್ತದೆ. ಅಷ್ಟು ವರ್ಷ ಬಸ್ಸಿನ ಕ್ಲಚ್ ಒತ್ತಿದ ಕಾಲು, ಅದಕ್ಕೂ ಮಾತಾಡುವ ಹಕ್ಕಿದೆ.

ಅಪ್ಪ ಇದ್ದಕ್ಕಿದ್ದಂತೆ ಕಾಗದ ಬರೆಯಲು ಕೂತದ್ದೇಕೆ ಅಂತ ನಿನಗೆ ಅನ್ನಿಸೀತು. ಫೋನು ನಿನ್ನಮ್ಮನ ದಿಂಬಿನ ಪಕ್ಕವೇ ಇರುತ್ತದೆ. ನೀನು ಕರೆ ಮಾಡಿದರೆ ಸ್ಪೀಕರ್ ಹಾಕಿ ಅರ್ಧ ಬೀದಿಗೆ ಕೇಳಿಸುತ್ತಾಳೆ. ನಾನು ನಿನ್ನೆ ಮೂಲೆಯ ಔಷಧಿ ಅಂಗಡಿಯಿಂದ ನಿನ್ನ ಆಫೀಸಿಗೆ ಫೋನ್ ಮಾಡಿದೆ. "ಮೇಡಂ ಸಭೆಯಲ್ಲಿದ್ದಾರೆ, ವಿಷಯ ಏನು ಹೇಳಿ ಸಾರ್" ಎಂದರು. ಕಂಡ ಕಂಡವರಿಗೆ ಹೇಳುವಂಥ ವಿಷಯವಾಗಿದ್ದರೆ ನಾನು ನಿನಗೇಕೆ ಫೋನ್ ಮಾಡುತ್ತಿದ್ದೆ? ಏನಿಲ್ಲ ಎಂದು ಇಟ್ಟುಬಿಟ್ಟೆ. ಹಾಗಾಗಿ ಈ ಕಾಗದ. ಅಮ್ಮನನ್ನು ನೋಡಲು ಮನೆಗೆ ಬರುವ ನಮ್ಮ ನರ್ಸಮ್ಮ ಸಾಯಂಕಾಲ ತನ್ನ ಆಫೀಸಿಗೆ ಹೋಗುತ್ತಾಳಲ್ಲ, ಅಲ್ಲಿಂದ ನಿಮ್ಮ ದೊಡ್ಡ ಆಫೀಸಿಗೆ ದಿನಾ ಒಂದು ಚೀಲ ಹೋಗುತ್ತದಂತೆ, ಅದರಲ್ಲಿ ಹಾಕಿಸುತ್ತೇನೆ. ನಾಳೆ ನಿನ್ನ ಮೇಜಿನ ಮೇಲಿರುತ್ತದೆ. ನಿನ್ನಮ್ಮನಿಗೆ ಪಿಂಚಣಿ ಆಫೀಸಿಗೆ ಅರ್ಜಿ ಬರೆಯುತ್ತಿದ್ದೇನೆ ಎಂದಿದ್ದೇನೆ. ನನ್ನ ಮುಖದ ಮೇಲಿನ ಸಿಟ್ಟು ನೋಡಿ ನಂಬಿದ್ದಾಳೆ.

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ನಾಲ್ಕು ಪುಟ ಹುಡುಕುವುದು ಬೇಡ. ನಿನ್ನಮ್ಮ ನೀನು ಅಂದುಕೊಂಡಷ್ಟು ಚೆನ್ನಾಗಿಲ್ಲ. ಗಾಬರಿಯಾಗಬೇಡ, ಎದ್ದು ಓಡಾಡುತ್ತಾಳೆ, ನನಗೆ ಬೈಯುವಷ್ಟು ಉಸಿರಿದೆ. ಆದರೆ ಆ ಉಸಿರು ಈಗ ಮಧ್ಯದಲ್ಲಿ ತುಂಡಾಗುತ್ತಿದೆ. ಮತ್ತೆ ಅದನ್ನು ಅವಳು ನಿಮ್ಮೆಲ್ಲರಿಂದ ಮುಚ್ಚಿಡುತ್ತಿದ್ದಾಳೆ. ಬಾಯಿ ಬಿಡುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ, ಅದೂ ನಿನ್ನ ಮೇಲೆ. ಬಾಯಿಗೆ ತಾನೇ ಆಣೆ, ಕೈಗೆ ಇಲ್ಲವಲ್ಲ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡು ಪೆನ್ನು ಹಿಡಿದಿದ್ದೇನೆ. ಆದರೂ ಈಗಷ್ಟೇ ಎದ್ದುಹೋಗಿ ಒಂದು ಲೋಟ ನೀರು ಕುಡಿದು, ಅಗತ್ಯವಿಲ್ಲದಿದ್ದರೂ ಶಟರನ್ನು ಒಂದು ಗೇಣು ಇಳಿಸಿ, ಮತ್ತೆ ಮೇಲಕ್ಕೆ ತಳ್ಳಿ ಬಂದು ಕೂತೆ.

ಕೋಣೆ ಈಗ ಹೇಗಿದೆ ಅಂತ ನಿನಗೆ ಗೊತ್ತಿಲ್ಲ. ಅಮ್ಮನ ದಿನಸಿ ಅಂಗಡಿಯ ಗಲ್ಲಾ ಇದ್ದ ಜಾಗದಲ್ಲೇ ಮಂಚ ಹಾಕಿದ್ದೇವೆ. ಹಲಗೆಗಳನ್ನು ಕಿತ್ತ ಗುರುತು ಗೋಡೆಯ ಮೇಲೆ ಗೆರೆಗೆರೆಯಾಗಿ ಹಾಗೇ ಇದೆ. ಗಾಜಿನ ಬೀರುವಿನಲ್ಲಿ ಮೊದಲು ಸೋಪು, ಎಣ್ಣೆ ಇರುತ್ತಿತ್ತು, ಈಗ ಮಾತ್ರೆಯ ಡಬ್ಬಿಗಳಿವೆ, ಪೇಪರಿನಲ್ಲಿ ಬಂದ ನಿನ್ನ ಫೋಟೋ ಇದೆ. ಬೀರುವಿನ ಮೇಲೆ ಆಸ್ಪತ್ರೆಯವರು ಕೊಟ್ಟ ಪರದೆ. ಬೆಳಿಗ್ಗೆ ಅದರಲ್ಲಿ ಡಾಕ್ಟರು ಬರುತ್ತಾರೆ. ಪಾಪ, ಒಳ್ಳೆಯವರು, ಆದರೆ ಅವರ ಹಣೆ ಇದುವರೆಗೂ ನಾವು ನೋಡಿಲ್ಲ, ಮೂಗಿನಿಂದ ಕೆಳಗೆ ಮಾತ್ರ ಕಾಣಿಸುತ್ತದೆ. ನಿನ್ನಮ್ಮ ಆ ಮೂಗಿನ ಜೊತೆಯೇ ಗೌರವದಿಂದ ಮಾತಾಡುತ್ತಾಳೆ. ಡಾಕ್ಟರು ಬರುವ ಹೊತ್ತಿಗೆ ತಲೆ ಬಾಚಿ, ಮುಖ ತೊಳೆದು, ಒಗೆದ ಬಟ್ಟೆ ಉಟ್ಟು, ದಿಂಬಿಗೆ ಒರಗದೆ ನೆಟ್ಟಗೆ ಕೂತಿರುತ್ತಾಳೆ. ಕಾಯಿಲೆಯವಳ ಥರ ಕಾಣಬಾರದಂತೆ. ಡಾಕ್ಟರಿಗೆ ಕಾಯಿಲೆಯವಳ ಥರ ಕಾಣದೆ ಮತ್ತೆ ಯಾರಿಗೆ ಕಾಣುತ್ತೀಯೇ ಎಂದರೆ ನನ್ನ ಬಾಯಿ ಮುಚ್ಚಿಸುತ್ತಾಳೆ.

ನಿನ್ನ ಯೋಜನೆಗೆ ಸರ್ಕಾರ ಇಟ್ಟಿರುವ ಹೆಸರು ಹೇಳುವಷ್ಟರಲ್ಲಿ ನಡುವೆ ಒಂದು ಸಲ ಉಸಿರು ತೆಗೆದುಕೊಳ್ಳಬೇಕು. ಬೀದಿಯವರು ಅದನ್ನು "ಮನೆ ವಾರ್ಡು" ಅಂತ ಕರೆದು ಮುಗಿಸಿದ್ದಾರೆ. ಬಂದವರಿಗೆಲ್ಲ ವಿವರಿಸಿ ವಿವರಿಸಿ ನನಗೂ ಬಾಯಿಪಾಠ ಆಗಿದೆ. ಮೊದಲು ಸರ್ಕಾರ ಆಸ್ಪತ್ರೆಗೆ ಹಾಸಿಗೆ ಲೆಕ್ಕ, ಸೂಜಿ ಲೆಕ್ಕ, ಪರೀಕ್ಷೆ ಲೆಕ್ಕದಲ್ಲಿ ದುಡ್ಡು ಕೊಡುತ್ತಿತ್ತು, ಹಾಸಿಗೆ ತುಂಬಿದಷ್ಟೂ ಆಸ್ಪತ್ರೆಗೆ ಖುಷಿ. ಈಗ ಒಂದು ಕಾಯಿಲೆಗೆ ಒಟ್ಟಾರೆ ಇಷ್ಟು ಅಂತ ಕೊಟ್ಟುಬಿಡುತ್ತದೆ. ರೋಗಿಯನ್ನು ಬೇಗ ಮನೆಗೆ ಕಳಿಸಿ, ಹಿಂದೆಯೇ ನರ್ಸನ್ನೂ ಔಷಧಿಯನ್ನೂ ಮೆಷಿನ್ನುಗಳನ್ನೂ ಕಳಿಸಿ ಚೆನ್ನಾಗಿ ನೋಡಿಕೊಂಡರೆ ಉಳಿದದ್ದು ಆಸ್ಪತ್ರೆಗೇ. ತಿಂಗಳೊಳಗೆ ರೋಗಿ ವಾಪಸ್ ಬಂದರೆ ಆ ಖರ್ಚೂ ಆಸ್ಪತ್ರೆಯ ತಲೆಗೇ. ಸರಿ ತಾನೇ? ತಪ್ಪಿದ್ದರೆ ತಿದ್ದು. ನೀನು ಇದಕ್ಕಾಗಿ ಎಷ್ಟು ಜನರ ಹತ್ತಿರ ಮಾತು ಕೇಳಿದೆ, ದೊಡ್ಡ ದೊಡ್ಡ ಆಸ್ಪತ್ರೆಯವರು ಹೇಗೆ ಕಾಲೆಳೆದರು, ಆ ಹಳೇ ಕಾರ್ಯದರ್ಶಿ "ಈ ಹುಡುಗಿಗೆ ತಲೆ ಕೆಟ್ಟಿದೆ" ಎಂದದ್ದು, ಎಲ್ಲ ನಮಗೆ ಗೊತ್ತಿದೆ. ಆ ವರ್ಷ ನೀನು ಮನೆಗೆ ಬಂದಾಗ ತಲೆಯಲ್ಲಿ ಬಿಳಿಕೂದಲು ನೋಡಿ ನಿನ್ನಮ್ಮ ಅಡುಗೆಮನೆಗೆ ಹೋಗಿ ಅತ್ತಿದ್ದಳು, ನಿನಗೆ ಹೇಳಿರಲಿಲ್ಲ.

ಅದಕ್ಕೇ ಅವಳಿಗೆ ಹೃದಯದ ತೊಂದರೆಯಾಗಿ ಆಸ್ಪತ್ರೆ ಸೇರಿದಾಗ, ಮನೆ ವಾರ್ಡಿಗೆ ಒಪ್ಪುತ್ತೀರಾ ಎಂದು ಕೇಳಿದ್ದೇ ತಡ, ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಬಿಟ್ಟಳು. ನಮ್ಮ ಬೀದಿಯಲ್ಲಿ ಆಗ ಒಬ್ಬರೂ ಒಪ್ಪಿರಲಿಲ್ಲ. ಸರ್ಕಾರದವರು ಆಸ್ಪತ್ರೆಯಿಂದ ಓಡಿಸಲು ಹೂಡಿದ ಆಟ ಇದು ಅಂತ ಮಾತಾಡುತ್ತಿದ್ದರು. ಅಂಗಡಿಯಮ್ಮನೇ ಮನೆಗೆ ಬಂದಳು ಅಂದಮೇಲೆ ಒಬ್ಬೊಬ್ಬರಾಗಿ ಒಪ್ಪಿದರು. ಎದುರು ಮನೆಯ ಬ್ಯಾಂಡ್ ಮಾಸ್ಟರು, ಹಿಂದಿನ ಗಲ್ಲಿಯ ಪೇಂಟರ್ ಹೆಂಡತಿ, ಇನ್ನೂ ಕೆಲವರು. ಸುಮ್ಮನೆ ಹೇಳಬಾರದು ಕಣೇ, ನಿನ್ನ ಯೋಜನೆ ಒಳ್ಳೆಯದು. ಆಸ್ಪತ್ರೆಯಲ್ಲಿ ನಿನ್ನಮ್ಮ ಒಂದು ದಿನವೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಪಕ್ಕದ ಹಾಸಿಗೆಯವರ ನರಳಾಟ ಕೇಳಿ ಕೇಳಿ ಅವಳಿಗೇ ಜ್ವರ ಬಂದಿತ್ತು. ಮನೆಗೆ ಬಂದ ಮರುದಿನವೇ ಶಟರ್ ಎತ್ತಿಸಿ, ದಾರಿಯಲ್ಲಿ ಹೋಗುವವರನ್ನೆಲ್ಲ ಮಂಚದಿಂದಲೇ ಮಾತಾಡಿಸಿ, ಮುಖದಲ್ಲಿ ಕಳೆ ಬಂತು. ಮೊದಲ ಎರಡು ವಾರ ನಾನು ನಿನ್ನನ್ನು ಎಷ್ಟು ಹೊಗಳಿದೆನೋ, ನೀನು ಕೇಳಿದ್ದರೆ ಕೊಬ್ಬಿಬಿಡುತ್ತಿದ್ದೆ.

ನನ್ನ ಕಷ್ಟ ಬೇರೆ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದವನನ್ನು ತಂದು ಒಂದು ಕೋಣೆಯಲ್ಲಿ ಕೂರಿಸಿದ್ದೀರಿ. ಆಕ್ಸಿಜನ್ ಮೆಷಿನ್ ಇಡೀ ದಿನ ಗುರ್ ಅನ್ನುತ್ತಿರುತ್ತದೆ, ಸ್ಟಾರ್ಟ್ ಆಗಿ ಹೊರಡದೆ ನಿಂತ ಬಸ್ಸಿನ ಹಾಗೆ. ಅದನ್ನು ಕೇಳಿದಾಗಲೆಲ್ಲ ನನ್ನ ಕಾಲು ತಾನಾಗಿ ಕ್ಲಚ್ ಹುಡುಕುತ್ತದೆ. ಕೂತರೆ ನಿಲ್ಲಬೇಕು, ನಿಂತರೆ ಬಾಗಿಲಿಗೆ ಹೋಗಬೇಕು, ಬಾಗಿಲಿಗೆ ಹೋದರೆ ಅವಳು ಏನು ಮಾಡುತ್ತಿದ್ದಾಳೋ ಅಂತ ವಾಪಸ್ ಬರಬೇಕು. ಈ ಓಡಾಟದಲ್ಲೇ ನನಗೆ ವಿಷಯ ಗೊತ್ತಾದದ್ದು. ಹೋದ ವಾರದಿಂದ ಅವಳು ನನ್ನ ಚಪ್ಪಲಿ ಹಾಕಿಕೊಳ್ಳಲು ಶುರು ಮಾಡಿದ್ದಳು. ಕೇಳಿದ್ದಕ್ಕೆ "ನಿಮ್ಮದು ಮೆತ್ತಗಿದೆ ರೀ" ಎಂದಳು. ಮೆತ್ತಗಿರುವ ಚಪ್ಪಲಿಯೇನೂ ಅಲ್ಲ ಅದು, ಟೈರಿನ ಥರ ಇದೆ. ಅವಳದ್ದು ಕಾಲಿಗೆ ಹಿಡಿಯುತ್ತಿರಲಿಲ್ಲ, ಅಷ್ಟೇ. ಆಮೇಲೆ ದಿಂಬು ಒಂದಿದ್ದದ್ದು ಮೂರಾಯಿತು. ಚಳಿಯಿಲ್ಲದಿದ್ದರೂ ಕಾಲುಚೀಲ ಬಂತು. ಬಾಗಿಲಿನಿಂದ ಮಂಚದವರೆಗೆ ಬರುವಷ್ಟರಲ್ಲಿ ಬೀರುವಿನ ಮೇಲೆ ಕೈ ಇಟ್ಟು, ಧೂಳು ಒರೆಸುವವಳ ಹಾಗೆ ನಟಿಸಿ ನಿಲ್ಲುತ್ತಿದ್ದಳು.

ಆದರೆ ತೂಕ ಮಾತ್ರ ಏರಿರಲಿಲ್ಲ. ಅದೇ ನನ್ನ ತಲೆ ಕೆಡಿಸಿದ್ದು. ನರ್ಸಮ್ಮ ಮೊದಲ ದಿನವೇ ಹೇಳಿದ್ದಳು, ಈ ಕಾಯಿಲೆಗೆ ಎಲ್ಲಕ್ಕಿಂತ ಮೊದಲು ಸುಳಿವು ಕೊಡುವುದು ತೂಕ. ತೂಕ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ, ಹೃದಯಕ್ಕೆ ತಳ್ಳಲು ಆಗುತ್ತಿಲ್ಲ ಅಂತ. ಅದಕ್ಕೇ ದಿನಾ ಬೆಳಿಗ್ಗೆ ಆ ಚಪ್ಪಟೆ ಮೆಷಿನ್ ಮೇಲೆ ನಿಲ್ಲಬೇಕು, ಅಂಕಿ ತಾನಾಗಿ ಆಸ್ಪತ್ರೆಗೆ ಹೋಗುತ್ತದೆ. ಕೋಣೆಯ ನೆಲ ಇಳಿಜಾರು ಅಂತ ನಾನೇ ಅದನ್ನು ಕಿಟಕಿಯ ಪಕ್ಕ, ಸಮ ಇರುವ ಜಾಗ ನೋಡಿ ಇಟ್ಟಿದ್ದೆ. ಭಾನುವಾರ ಬೆಳಿಗ್ಗೆ ಅವಳು ಅದರ ಮೇಲೆ ನಿಂತಾಗ ನಾನು ಬೆನ್ನು ಹಾಕಿ ಹಾಲು ಕಾಯಿಸಲು ಹೊರಟಿದ್ದೆ. ಬೀರುವಿನ ಗಾಜಿನಲ್ಲಿ ಅವಳ ಕೈ ಕಂಡಿತು. ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಅಂಕಿ ನಿನ್ನೆಯದಕ್ಕೆ ಬಂದು ನಿಲ್ಲುವವರೆಗೆ ಹೆಚ್ಚುಕಡಿಮೆ ಮಾಡುತ್ತಿದ್ದಳು. ಇಡೀ ಆಯಸ್ಸು ತಕ್ಕಡಿಯ ಹಿಂದೆ ನಿಂತವಳು ಗುಬ್ಬೀ, ಗಿರಾಕಿಗೆ ಒಂದು ಕಾಳು ಕಡಿಮೆ ತೂಗಿದವಳಲ್ಲ. ಕೂಲಿಯವನ ಮಗು ಬಂದರೂ, ಬ್ಯಾಂಕ್ ಮ್ಯಾನೇಜರ್ ಬಂದರೂ ಮುಳ್ಳು ನಿಂತ ಮೇಲೇ ಪೊಟ್ಟಣ ಕಟ್ಟುತ್ತಿದ್ದಳು. ಅಂಥವಳು ತನ್ನನ್ನೇ ಕಡಿಮೆ ತೂಗಿಕೊಳ್ಳುತ್ತಿದ್ದಳು.

ನಾನು ಕೂಗಾಡಿದೆ, ಮುಚ್ಚಿಡುವುದಿಲ್ಲ. ಅವಳು ಮಾತ್ರ ಹಾಸಿಗೆಯ ಅಂಚಿನಲ್ಲಿ ಕೂತು, ಉಸಿರು ಹಿಡಿದು, ನಿಧಾನವಾಗಿ ಹೇಳಿದಳು. ಹೋದ ವಾರ ನೀನು ಫೋನಿನಲ್ಲಿ ಹೇಳಿದೆಯಲ್ಲ, "ಅಮ್ಮಾ, ಶುಕ್ರವಾರ ದೊಡ್ಡ ಸಭೆಯಿದೆ, ಮನೆ ವಾರ್ಡನ್ನು ಇಡೀ ದೇಶಕ್ಕೆ ಮಾಡಬೇಕೋ ಬೇಡವೋ ಅಂತ ತೀರ್ಮಾನ. ನಾನು ಅಲ್ಲಿ ನಿನ್ನದೇ ಉದಾಹರಣೆ ಕೊಡುತ್ತೇನೆ" ಅಂತ. ನೀನು ಪ್ರೀತಿಗೆ ಹೇಳಿದ್ದು. ಅವಳು ಅದನ್ನು ಎದೆಗೆ ಹಾಕಿಕೊಂಡುಬಿಟ್ಟಳು. ಅದೇ ಶುಕ್ರವಾರಕ್ಕೆ ಅವಳು ಮನೆಗೆ ಬಂದು ತಿಂಗಳು ತುಂಬುತ್ತದೆ. "ಅಷ್ಟರವರೆಗೆ ತಡೆದುಕೊಳ್ಳುತ್ತೇನೆ. ಶನಿವಾರ ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಿ. ಮಗಳು ಅಷ್ಟು ಜನರ ಮುಂದೆ ನಿಂತು ನನ್ನ ಹೆಸರು ಹೇಳುವಾಗ ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದರೆ ಅವಳ ಮರ್ಯಾದೆ ಏನಾಗಬೇಕು ರೀ" ಎಂದಳು. ನಾನು ಆಗುವುದಿಲ್ಲ ಎಂದೆ. ಆಗ ಅವಳು ಅತ್ತಳು. ಅವಳು ಅತ್ತರೆ ನಾನು ಏನಾಗುತ್ತೇನೆ ಅಂತ ನಿನಗೆ ಗೊತ್ತು. ಡಾಕ್ಟರಿಗಾಗಲಿ, ನರ್ಸಮ್ಮನಿಗಾಗಲಿ, ನಿನಗಾಗಲಿ ಹೇಳುವುದಿಲ್ಲ ಎಂದು ಗುಬ್ಬಿ ಮೇಲಾಣೆ ಹಾಕಿ ಎಂದು ಕೈ ಚಾಚಿದಳು. ಹಾಕಿದೆ. ಇದನ್ನೆಲ್ಲ ನಂಬುವವನಲ್ಲ ನಾನು. ಆದರೂ ನಿನ್ನ ಮೇಲೆ ಆಣೆ ಅಂದಮೇಲೆ ನಾಲಿಗೆ ಏಳುವುದಿಲ್ಲ ಕಣಮ್ಮ.

ನರ್ಸಮ್ಮ ಬಂದಳು, ನಿಲ್ಲಿಸುತ್ತೇನೆ.

ಮತ್ತೆ ಕೂತೆ. ಅವಳು ಬಂದು ಹೋದಳು. ಈ ಹುಡುಗಿಯನ್ನು ನೀನು ನೋಡಬೇಕು. ಬೆನ್ನಿಗೊಂದು ಚೀಲ, ತಲೆಗೊಂದು ಹೆಲ್ಮೆಟ್ಟು, ಎಷ್ಟು ಮನೆ ಸುತ್ತುತ್ತಾಳೋ ಏನೋ, ಆದರೂ ಒಳಗೆ ಬರುವಾಗ ಮುಖ ಗಂಟು ಹಾಕಿದ್ದೇ ಇಲ್ಲ. ಅವಳು ಮಾತ್ರೆಯ ಡಬ್ಬಿ ತುಂಬುವಾಗ ನಿನ್ನಮ್ಮ ಕಿಟಕಿ ಪಕ್ಕ ತೂಕಕ್ಕೆ ನಿಂತಳು. ನಾನು ಅಲ್ಲೇ ಇದ್ದೆ, ಕಂಬದ ಹಾಗೆ. ಸರಳಿನ ಮೇಲೆ ಅವಳ ಬೆರಳು ಬೆಳ್ಳಗಾಗಿದ್ದು ನೋಡುತ್ತಾ ಇದ್ದೆ. ನರ್ಸಮ್ಮ ತಿರುಗುವಷ್ಟರಲ್ಲಿ ಕೈ ಬಿಟ್ಟು ಕೆಳಗಿಳಿದಿದ್ದಳು. "ತೂಕ ಚೆನ್ನಾಗಿ ನಿಂತಿದೆ ಅಮ್ಮ" ಎಂದು ಆ ಹುಡುಗಿಗೆ ಖುಷಿಯೋ ಖುಷಿ. ಕಾಲು ತೋರಿಸಿ ಎಂದದ್ದಕ್ಕೆ ನಿನ್ನಮ್ಮ, "ಮೊನ್ನೆ ನೋಡಿದೆಯಲ್ಲ ಮಗಳೇ, ನಿನ್ನ ಕೈ ತಣ್ಣಗಿರುತ್ತೆ, ಕಚಗುಳಿಯಾಗುತ್ತೆ" ಎಂದು ನಗಿಸಿ ಸಾಗಹಾಕಿದಳು. ಪರದೆಯ ಡಾಕ್ಟರೂ ಅಂಕಿ ನೋಡಿ "ವೆರಿ ಗುಡ್" ಎಂದರು. ಹೋಗುವಾಗ ನರ್ಸಮ್ಮ ಬಾಗಿಲಲ್ಲಿ ನನ್ನ ಮುಖ ನೋಡಿ, "ಯಾಕೆ ಅಂಕಲ್, ನಿಮಗೆ ಹುಷಾರಿಲ್ವಾ" ಎಂದು ಕೇಳಿದಳು. ಬಾಯಿಯ ತುದಿಗೆ ಬಂದಿತ್ತು. ಮಂಡಿನೋವು ಎಂದೆ. ಕಾಗದ ಒಯ್ಯಲು ನಾಲ್ಕು ಗಂಟೆಗೆ ಮತ್ತೆ ಬರುತ್ತಾಳೆ.

ಈಗ ಇನ್ನೊಂದು ವಿಷಯ, ಇದನ್ನು ಅಪ್ಪ ಹೇಳಿದ್ದು ಅಂತ ಅಲ್ಲ, ಆಫೀಸರ್ ಆಗಿ ಓದು. ನಿನ್ನೆ ಔಷಧಿ ಅಂಗಡಿಯಿಂದ ಬರುವಾಗ ಎದುರು ಮನೆಯ ಮೆಟ್ಟಿಲ ಮೇಲೆ ಬ್ಯಾಂಡ್ ಮಾಸ್ಟರು ಕೂತಿದ್ದರು. ಶ್ವಾಸಕೋಶದ ಕಾಯಿಲೆ, ಅವರೂ ಮನೆ ವಾರ್ಡಿನವರೇ ತಾನೇ. ಕೆಮ್ಮಿದರೆ ಮೈಯೆಲ್ಲ ಅಲ್ಲಾಡುತ್ತಿತ್ತು. ನರ್ಸಮ್ಮನಿಗೆ ಹೇಳಿದಿರಾ ಎಂದೆ. ಆ ಕಡೆ ಈ ಕಡೆ ನೋಡಿ, "ಅವಳು ಬರುವ ಮೊದಲು ಎಲ್ಲ ಕೆಮ್ಮಿ ಮುಗಿಸಿಬಿಡುತ್ತೇನೆ. ಅವಳು ಇರುವಷ್ಟು ಹೊತ್ತು ಬಿಸಿನೀರು ಹೀರುತ್ತಾ ಕೂತಿರುತ್ತೇನೆ" ಎಂದು ಹುಡುಗರ ಹಾಗೆ ನಕ್ಕರು. ಯಾಕೆ ಹೀಗೆ ಎಂದು ಗದರಿದೆ. ಹೇಳಿದರು: ಎರಡು ವಾರದ ಹಿಂದೆ ಈ ಬೀದಿಯಿಂದ ಇಬ್ಬರು ಆಸ್ಪತ್ರೆಗೆ ವಾಪಸ್ ಹೋದರಂತೆ. ವಾಪಸ್ ಹೋದ ಒಬ್ಬೊಬ್ಬರ ಬಗ್ಗೆಯೂ ನರ್ಸು ವಾರದ ಸಭೆಯಲ್ಲಿ ಎದ್ದುನಿಂತು ವಿವರಣೆ ಕೊಡಬೇಕಂತೆ. ಎಲ್ಲರ ಮುಂದೆ ಅನ್ನಿಸಿಕೊಂಡು ಬಂದ ಈ ಹುಡುಗಿ ಅವರ ಮೆಟ್ಟಿಲ ಮೇಲೆಯೇ ಕೂತು ಕಣ್ಣೊರೆಸಿಕೊಂಡಳಂತೆ. ಇನ್ನೊಂದು ಸಲ ಆದರೆ ಬೇರೆ ಕಡೆ ಹಾಕುತ್ತಾರೆ ಎಂದಳಂತೆ. ಅಂದಿನಿಂದ ಬೀದಿಯ ರೋಗಿಗಳೆಲ್ಲ ಒಳಗೊಳಗೇ ಮಾತಾಡಿಕೊಂಡುಬಿಟ್ಟಿದ್ದಾರೆ, ನಮ್ಮ ನರ್ಸಮ್ಮನಿಗೆ ನಮ್ಮಿಂದ ಕೆಟ್ಟ ಹೆಸರು ಬರಬಾರದು ಅಂತ. ಪೇಂಟರ್ ಹೆಂಡತಿ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕಾಯುತ್ತಾಳಂತೆ. ಯಾರೂ ಕೆಟ್ಟವರಲ್ಲ ಗುಬ್ಬೀ. ಎಲ್ಲರೂ ಆ ಹುಡುಗಿಯ ಮೇಲಿನ ಪ್ರೀತಿಗೆ ಸುಳ್ಳು ಹೇಳುತ್ತಿದ್ದಾರೆ, ನಿನ್ನಮ್ಮ ನಿನ್ನ ಮೇಲಿನ ಪ್ರೀತಿಗೆ ಹೇಳುವ ಹಾಗೆ.

ಆಸ್ಪತ್ರೆಗೆ ವಾಪಸ್ ಹೋಗುವವರು ಕಡಿಮೆಯಾಗಿದ್ದಾರೆ ಅಂತ ನೀನು ಶುಕ್ರವಾರ ಹೇಳುತ್ತೀಯ. ಕಡಿಮೆಯಾಗಿರುವುದು ನಿಜ. ಅದರಲ್ಲಿ ಗುಣವಾದವರೆಷ್ಟು, ಬಾಯಿ ಮುಚ್ಚಿಕೊಂಡು ಕೂತವರೆಷ್ಟು ಅಂತ ನಿನಗೆ ಗೊತ್ತಾ? ನಮ್ಮ ಡಿಪೋದಲ್ಲಿ ಒಮ್ಮೆ ಸಮಯಕ್ಕೆ ತಲುಪುವ ಗಾಡಿಗೆ ಬಹುಮಾನ ಅಂತ ಮಾಡಿದ್ದರು, ನೆನಪಿದೆಯಾ? ನೀನಿನ್ನೂ ಸ್ಕೂಲಿನಲ್ಲಿದ್ದೆ. ಗಾಡಿಗಳೆಲ್ಲ ಗಡಿಯಾರದ ಹಾಗೆ ಬರತೊಡಗಿದವು, ಮ್ಯಾನೇಜರಿಗೆ ಸನ್ಮಾನವೂ ಆಯಿತು. ನಡುವಿನ ಸ್ಟಾಪುಗಳಲ್ಲಿ ಕೈ ತೋರಿಸಿ ನಿಂತವರು ನಿಂತೇ ಇದ್ದರು. ನೀನು ಒಳ್ಳೆಯದನ್ನೇ ಮಾಡಲು ಹೊರಟವಳು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನರ್ಸುಗಳನ್ನು ಎಬ್ಬಿಸಿ ನಿಲ್ಲಿಸುವ ಈ ವಿವರಣೆಯ ಪದ್ಧತಿ ಯಾರು ತಂದದ್ದು ಅಂತ ಬ್ಯಾಂಡ್ ಮಾಸ್ಟರನ್ನು ಕೇಳಿದೆ. ಅವರು ನೆಲ ನೋಡಿದರು. ಆದೇಶದ ಕೆಳಗೆ ನಿನ್ನದೇ ಸಹಿ ಇದೆಯಂತೆ. ಮನೆಗೆ ಬರುವ ದಾರಿಯಲ್ಲಿ ನನಗೆ ನಿನ್ನ ಮೇಲೆ ಸಿಟ್ಟು ಬಂತು, ಮನೆ ತಲುಪುವಷ್ಟರಲ್ಲಿ ಪಾಪ ಅನ್ನಿಸಿತು, ನಿನ್ನಮ್ಮನ ಕಾಲು ನೋಡಿದ ಮೇಲೆ ಮತ್ತೆ ಸಿಟ್ಟು ಬಂತು. ಈಗ ಯಾವುದು ಇದೆಯೋ ನನಗೇ ಗೊತ್ತಾಗುತ್ತಿಲ್ಲ.

ಮೂರು ಗಂಟೆ ದಾಟಿತು. ಅವಳು ಊಟಕ್ಕೆ ಎರಡು ತುತ್ತು ತಿಂದು ಸಾಕು ಎಂದಳು. ಈಗ ಕೂತಲ್ಲೇ ಕಣ್ಣು ಮುಚ್ಚಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ. ಉಸಿರು ಎಳೆಯುವಾಗ ಕುತ್ತಿಗೆಯ ಹತ್ತಿರ ಗುಳಿ ಬೀಳುತ್ತಿದೆ. ನಾನು ಒಂದು ವಾಕ್ಯ ಬರೆಯುವುದು, ಎದ್ದುಹೋಗಿ ಅವಳನ್ನು ನೋಡುವುದು, ಬಂದು ಎಲ್ಲಿಗೆ ನಿಲ್ಲಿಸಿದ್ದೆ ಅಂತ ಹುಡುಕುವುದು, ಇದೇ ಆಗಿದೆ. ನನಗೆ ಹೆದರಿಕೆಯಾಗುತ್ತಿದೆ ಗುಬ್ಬೀ. ಘಟ್ಟದ ತಿರುವಿನಲ್ಲಿ ಬ್ರೇಕ್ ಹಿಡಿಯದಿದ್ದಾಗಲೂ ಇಷ್ಟು ಹೆದರಿರಲಿಲ್ಲ, ಆಗ ಕೈಯಲ್ಲಿ ಮಾಡಲು ಏನಾದರೂ ಇತ್ತು.

ನಿನ್ನನ್ನು ಬೇಡಿಕೊಳ್ಳುವುದು ಇಷ್ಟೇ. ಈ ಕಾಗದ ತಲುಪಿದ ತಕ್ಷಣ ಹೊರಟು ಬಾ. ನೀನು ಬಂದು ಮುಂದೆ ನಿಂತು ಹೇಳಿದರೆ ಅವಳು ಕೇಳುತ್ತಾಳೆ. ನನ್ನ ಮಾತಿಗೆ ಈ ಮನೆಯಲ್ಲಿ ಎಷ್ಟು ಬೆಲೆಯಿದೆ ಅಂತ ನಿನಗೆ ಗೊತ್ತಿರುವುದೇ. ಅವಳಿಗೆ ಬೈಯಬೇಡ, ಆಣೆಯ ವಿಷಯ ಎತ್ತಬೇಡ. ನಾನು ಹೇಳಿದೆ ಅಂತಲೂ ಹೇಳಬೇಡ, ಹೇಗೋ ಗೊತ್ತಾಯಿತು ಅಂದುಬಿಡು. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು, ಮೊಮ್ಮಗಳಿಗೆ ಮುತ್ತು ಕೊಡು, ಹೋಮ್‌ವರ್ಕ್ ಮಾಡದಿದ್ದರೆ ತಾತ ಬಂದು ಕೂರುತ್ತಾನೆ ಎಂದು ಹೆದರಿಸು. ನಿನಗೆ ಆಯಸ್ಸು ಆರೋಗ್ಯ ಎರಡೂ ತುಂಬಿಬರಲಿ, ಕೈ ಹಾಕಿದ ಕೆಲಸ ಕೈಗೂಡಲಿ. ನಿನ್ನ ಮೇಲೆ ಹಾಕಿದ ಆಣೆ ಏನಾದರೂ ಇದ್ದರೆ ಅದು ನನ್ನ ತಲೆಗೇ ಬರಲಿ.

ಇಂತು ನಿನ್ನ ಶ್ರೇಯಸ್ಸನ್ನೇ ಬಯಸುವ, ಕೂತಲ್ಲಿ ಕೂರಲಾಗದ,
ಅಪ್ಪ

ತಾ.ಕ.: ಗುಬ್ಬೀ, ಆಂಬುಲೆನ್ಸಿನೊಳಗೆ ಕೂತು ಬರೆಯುತ್ತಿದ್ದೇನೆ, ಇನ್ನೂ ಹೊರಟಿಲ್ಲ. ನಾಲ್ಕಕ್ಕೆ ನರ್ಸಮ್ಮ ಕಾಗದಕ್ಕೆ ಬಂದಳು. ಕವರು ಅಂಟಿಸಿ ಅವಳ ಕೈಗೆ ಕೊಟ್ಟರೆ ಮುಗಿಯಿತು. ಕೊಡಲು ಆಗಲಿಲ್ಲ. ನಾಳೆ ಅದು ತಲುಪಿ, ನೀನು ಓದಿ, ಹೊರಟು, ಬಂದು ಸೇರುವವರೆಗೆ ಆ ಉಸಿರು ಕಾಯುತ್ತದೆ ಅಂತ ನನಗೆ ಯಾರು ಹೇಳಿದರು? ನಾನು ಬಾಯಿ ಬಿಡಲಿಲ್ಲ, ಒಂದು ಮಾತೂ ಆಡಲಿಲ್ಲ. ಬಗ್ಗಿ ಆ ತೂಕದ ಮೆಷಿನ್ ಎತ್ತಿ ತಂದು ಕೋಣೆಯ ನಟ್ಟನಡುವೆ ಇಟ್ಟು, ಕಾಲಿನಿಂದ ತಟ್ಟಿ ದೀಪ ಹತ್ತಿಸಿ, ಪಕ್ಕಕ್ಕೆ ನಿಂತೆ. ನರ್ಸಮ್ಮ ನನ್ನ ಮುಖ ನೋಡಿದಳು, ಆಮೇಲೆ "ಅಮ್ಮ, ಒಂದು ಸಲ ನಿಲ್ಲಿ" ಎಂದಳು. ನಿನ್ನಮ್ಮ ನನ್ನನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ಹತ್ತಿ ನಿಂತಳು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಬೆಳಗಿನದಕ್ಕಿಂತ ಐದು ಕಿಲೋ ಜಾಸ್ತಿ. ನರ್ಸಮ್ಮ ಒಮ್ಮೆ ಕಿಟಕಿ ನೋಡಿ, ಕಾಲುಚೀಲ ತೆಗೆದು ಬೆರಳಿನಿಂದ ಒತ್ತಿದಳು. ಒತ್ತಿದ ಗುಳಿ ಹಾಗೇ ಉಳಿಯಿತು. ತನಗೇನಾಗುತ್ತದೆ ಅಂತ ಆ ಹುಡುಗಿ ಒಂದು ಗಳಿಗೆ ಯೋಚಿಸಲಿಲ್ಲ, ಅಲ್ಲೇ ಗಾಡಿ ಕರೆಸಿದಳು. ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು, ನೀರು ಇಳಿಸಬಹುದು ಎಂದು ಪರದೆಯ ಡಾಕ್ಟರು ಹೇಳಿದ್ದಾರೆ, ಹೆದರಬೇಡ. ನಿನಗೂ ಫೋನ್ ಮಾಡಿದೆವು, ಸಭೆಯಲ್ಲಿದ್ದೀಯಂತೆ. ಗಾಡಿ ನೋಡಿ ಬ್ಯಾಂಡ್ ಮಾಸ್ಟರು ಹೊರಗೆ ಬಂದು, ನರ್ಸಮ್ಮನ ಎದುರಿಗೇ ಹೊಟ್ಟೆ ಹಿಡಿದುಕೊಂಡು ಕೆಮ್ಮಿದರು, ಅವಳು ಈಗ ಅವರ ಹತ್ತಿರ ನಿಂತಿದ್ದಾಳೆ. ನಿನ್ನಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ನನ್ನ ಬಲಗೈ ಮಾತ್ರ ಬಿಟ್ಟಿಲ್ಲ, ಅದಕ್ಕೇ ಅಕ್ಷರ ಹೀಗೆ. ವಿವರಣೆ ಕೇಳಿದರೆ ನರ್ಸಮ್ಮನ ಬದಲು ನಾನು ಬಂದು ನಿಲ್ಲುತ್ತೇನೆ, ನಿನ್ನ ಮುಂದೆಯೇ. ಮತ್ತೆ ಶುಕ್ರವಾರ ಅಮ್ಮನ ಉದಾಹರಣೆ ಕೊಡುತ್ತೇನೆ ಅಂದಿದ್ದೆಯಲ್ಲ, ಖಂಡಿತ ಕೊಡು ಮಗಳೇ. ಇವತ್ತಿನ ತೂಕದ ಸಮೇತ ಕೊಡು.